ಎಳನೀರೋ ಕೊಬ್ಬರಿಯೋ? ಒಳ್ಳೆ ಕೇಸ್ ಸ್ಟಡಿ ಕಟ್ಟೋದು ಹೇಗೆ

ಬಿಸಿನೆಸ್ ಓದುವವರಿಗೆ ಕೇಸ್ ಸ್ಟಡಿ ಅಂದ್ರೆ ನಮಗೆ ಲ್ಯಾಬ್ ಇದ್ದ ಹಾಗೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 1921ರಲ್ಲೇ ಒಂದು ಶೂ ಕಂಪನಿಯ ಸಮಸ್ಯೆಯನ್ನು ಕೇಸ್ ಆಗಿ ಬರೆದಿದ್ದರು. ಆದರೆ ಈಗ ನಮಗೆ ಸಿಗುವ ಎಷ್ಟೋ ಕೇಸ್‌ಗಳು ಬರೀ ಗೆದ್ದವರ ಕಥೆ. ಕೊನೆ ಮೊದಲೇ ಗೊತ್ತಿದ್ರೆ ಕ್ಲಾಸಿನಲ್ಲಿ ಚರ್ಚೆ ಮಾಡೋಕೆ ಏನು ಉಳಿಯುತ್ತೆ? ಹುಲಿಯೂರುದುರ್ಗದ ಒಂದು ತೆಂಗಿನ ತೋಟ ಇಟ್ಕೊಂಡು ನಾವೇ ಒಂದು ಕೇಸ್ ಕಟ್ಟಿ ನೋಡೋಣ.

1. ನಿರ್ಧಾರ ಮಾಡುವ ಒಬ್ಬ ವ್ಯಕ್ತಿ ಬೇಕು. 'ತೆಂಗು ಬೆಳೆಯ ಸಮಸ್ಯೆಗಳು' ಅಂತ ಬರೆದರೆ ಅದು ಪ್ರಬಂಧ ಆಗುತ್ತೆ. ಬದಲಿಗೆ ಹೀಗೆ ಊಹಿಸೋಣ: 2023ನೇ ಇಸವಿ. ರೈತರೊಬ್ಬರಿಗೆ ಎರಡು ಎಕರೆ ತೋಟ ಇದೆ. ಮಗಳ ಕಾಲೇಜು ಫೀಸ್ ಕಟ್ಟೋಕೆ ಎರಡೇ ತಿಂಗಳು ಬಾಕಿ.

2. ದಾರಿ ಒಂದಕ್ಕಿಂತ ಹೆಚ್ಚು ಇರಬೇಕು, ಪ್ರತಿ ದಾರಿಗೂ ಒಂದು ನಷ್ಟ ಇರಬೇಕು. ಎಳನೀರು ಕಿತ್ತು ಮದ್ದೂರು ಮಾರುಕಟ್ಟೆಗೆ ಕಳಿಸಿದರೆ ದುಡ್ಡು ಬೇಗ ಕೈಗೆ ಬರುತ್ತೆ, ಆದರೆ ಆ ಗೊನೆಯಿಂದ ಮುಂದೆ ಕಾಯಿ ಸಿಗಲ್ಲ. ಬಲಿಯೋಕೆ ಬಿಟ್ಟು ಕಾಯಿ ಮಾರಬಹುದು, ಅದಕ್ಕೆ ಕೆಲವು ತಿಂಗಳು ಕಾಯಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಒಣಗಿ ಉಂಡೆ ಕೊಬ್ಬರಿ ಆಗೋಕೆ ಮತ್ತೆ ಹತ್ತು ತಿಂಗಳ ಆಸುಪಾಸು ಬೇಕು. ಅಷ್ಟರಲ್ಲಿ ಕೆಲವು ಕೊಳೆಯುತ್ತವೆ, ಸಾಲದ ಬಡ್ಡಿಯೂ ಬೆಳೆಯುತ್ತೆ.

3. ಆ ದಿನ ಅವರಿಗೆ ಗೊತ್ತಿದ್ದ ಅಂಕಿಗಳನ್ನು ಮಾತ್ರ ಕೊಡಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಈ ಎರಡನೇ ಅಂಕಿ ಕೇಸಿನೊಳಗೆ ಬಂತೋ, ಪಾಠ ಕೆಟ್ಟಿತು. ಅದು ಮೇಷ್ಟ್ರ ಟಿಪ್ಪಣಿಯಲ್ಲಿರಲಿ, ಚರ್ಚೆ ಮುಗಿದ ಮೇಲೆ ಹೊರಗೆ ಬರಲಿ.

ಯಾಕೆ ಇಷ್ಟು ಬಿಗಿ? ಬೆಲೆ ಏರಿದ್ದು ನೋಡಿದ ಮೇಲೆ 'ಇಟ್ಕೋಬೇಕಿತ್ತು' ಅನ್ನೋದು ಸುಲಭ. ಆದರೆ ಫೀಸ್ ಕಟ್ಟೋಕೆ ಆವತ್ತೇ ಎಳನೀರು ಮಾರಿದವರನ್ನು ದಡ್ಡರು ಅನ್ನೋಕಾಗುತ್ತಾ? ಫಲ ಹೇಗೆ ಬಂತು ಅನ್ನೋದು ಒಂದು, ನಿರ್ಧಾರ ಸರಿಯಿತ್ತಾ ಅನ್ನೋದು ಇನ್ನೊಂದು. ಇದನ್ನು ಬೇರೆ ಮಾಡಿ ನೋಡೋದನ್ನು ಕಲಿಸೋದೇ ಕೇಸ್ ಸ್ಟಡಿಯ ಕೆಲಸ.

4. ಟೆಸ್ಟ್ ಮಾಡಿ. ಬರೆದ ಕೇಸನ್ನು ಐದಾರು ಜನ ಗೆಳೆಯರಿಗೆ ಕೊಡಿ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ನಾವು ಎಲ್ಲೋ ಉತ್ತರ ಬಿಟ್ಟುಕೊಟ್ಟಿದ್ದೀವಿ ಅಂತ ಅರ್ಥ, ತಿದ್ದಬೇಕು. ಇಬ್ಬರು ಅಂಕಿ ಹಿಡಿದು ಜಗಳಕ್ಕೆ ನಿಂತರೆ ಕೇಸ್ ಕ್ಲಾಸಿಗೆ ರೆಡಿ.