ಹಗ್ಗ ಬಿಡು, ಪ್ಲಗ್ ನೋಡು

ಅಳಿಯಾ, ಈ ಮಳೆಗಾಲಕ್ಕೆ ನೀನೇ ದೋಣಿ ಇಳಿಸುತ್ತೀ ಅಂತ ನಿನ್ನ ಅಮ್ಮ ಹೇಳಿದಳು. ಆಗಲಿ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಆ 61 ದಿನ ಕಡಲಿಗೆ ಹೋಗಲು ಬಿಡುವುದು 10 ಎಚ್‌ಪಿ ಒಳಗಿನ ಎಂಜಿನ್ ಇರುವ ನಮ್ಮಂಥ ನಾಡದೋಣಿಯವರನ್ನು, ಎಂಜಿನ್ನೇ ಇಲ್ಲದ ದೋಣಿಯವರನ್ನು ಮಾತ್ರ. ಮೀನಿಗೆ ರೇಟು ಬರುವ ದಿನಗಳು ಅವೇ. ಎಂಜಿನ್ ಕೈಕೊಟ್ಟರೆ ಎಳೆದು ತರಲು ಸುತ್ತಮುತ್ತ ಒಂದು ಬೋಟೂ ಕಾಣದ ದಿನಗಳೂ ಅವೇ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಎಂಜಿನ್ ನಿಂತ ಕೂಡಲೇ ಎಲ್ಲರ ಕೈಯೂ ಸ್ಟಾರ್ಟರ್ ಹಗ್ಗಕ್ಕೆ ಹೋಗುತ್ತದೆ. ನಿನ್ನ ಕೈ ಲಂಗರಿಗೆ ಹೋಗಲಿ. ಅಳಿವೆ ಬಾಯಲ್ಲಿ ಹೊಳೆಯ ಸೆಳೆತ ಹೊರಗೆ, ಕಡಲ ತೆರೆ ಒಳಗೆ. ಎರಡರ ನಡುವೆ ದೋಣಿ ಅಡ್ಡ ತಿರುಗಿತೋ, ಮುಂದಿನ ತೆರೆಗೆ ಮಗುಚಿತು. ಒಬ್ಬ ಹುಟ್ಟು ಹಿಡಿದು ಮೂತಿಯನ್ನು ತೆರೆಯ ಕಡೆಗೇ ಇಡಬೇಕು, ಇನ್ನೊಬ್ಬ ಲಂಗರು ಬಿಡಬೇಕು. ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಬೇಕು. ಅದನ್ನು ಕಾಲಡಿ ಹಾಸಿಕೊಂಡು ಕೂರುವ ಗಂಡಸುತನ ನನ್ನ ದೋಣಿಯಲ್ಲಿ ಬೇಡ. ಇಷ್ಟಾದ ಮೇಲೆ ಎಂಜಿನ್ ಮುಟ್ಟು.

ಮುಟ್ಟಿದರೂ ಮುಚ್ಚಳ ಬಿಚ್ಚಲು ಹೋಗಬೇಡ. ಗೇರ್ ನ್ಯೂಟ್ರಲ್‌ನಲ್ಲಿದೆಯಾ? ಗೇರಿನಲ್ಲಿದ್ದರೆ ಸ್ಟಾರ್ಟ್ ಆಗದ ಹಾಗೆ ಕಂಪನಿಯವರೇ ತಡೆ ಇಟ್ಟಿರುತ್ತಾರೆ. ಸ್ವಿಚ್ಚಿಗೆ ಸಿಕ್ಕಿಸುವ ಕೆಂಪು ಸುರುಳಿ ದಾರದ ಕ್ಲಿಪ್ ಬಲೆ ಎಳೆಯುವಾಗ ಕಳಚಿ ಬಿದ್ದಿದೆಯಾ? ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿದೆಯಾ? ಮಳೆನೀರು ಹೋಗದಿರಲಿ ಅಂತ ದಡದಲ್ಲಿ ಅದನ್ನು ಬಿಗಿ ಮಾಡಿರುತ್ತೇವೆ, ಕಡಲಲ್ಲಿ ಮರೆತುಬಿಡುತ್ತೇವೆ. ಎಂಜಿನ್ ಸ್ವಲ್ಪ ದೂರ ಚೆಂದವಾಗಿಯೇ ಓಡಿ, ಸರಿಯಾಗಿ ಅಳಿವೆಯಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಬಂದು ಒಂದು ಸ್ಕ್ರೂ ತಿರುಗಿಸಿ ದುಡ್ಡು ತೆಗೆದುಕೊಂಡು ಹೋಗುವ ಕೆಲಸ ಹೆಚ್ಚಾಗಿ ಇಂಥದ್ದೇ.

ಇನ್ನು ಪೈಪಿನ ನಡುವಿನ ರಬ್ಬರ್ ಬಲ್ಬ್. ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ಅದನ್ನು ಹಿಸುಕಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಹಿಸುಕಿದಷ್ಟು ಹೊತ್ತೂ ಮೆತ್ತಗೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಪೈಪಿನ ಎರಡು ತುದಿಯ ಕೊಂಡಿ, ಅದರೊಳಗಿನ ರಬ್ಬರ್ ರಿಂಗ್ ನೋಡು. ಚಪ್ಪಟೆಯಾಗಿ ಒಳಗೆ ಹೋಗಿ ಮೇಲೆ ಬರದಿದ್ದರೆ ಟ್ಯಾಂಕ್ ಕಡೆ ಕಟ್ಟಿದೆ; ಆ ಗಾಳಿ ಸ್ಕ್ರೂ ಇನ್ನೊಮ್ಮೆ ನೋಡು. ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತರೆ ಎಣ್ಣೆ ಕಾರ್ಬುರೇಟರ್ ತನಕ ಬಂದಿದೆ ಅಂತ ಅರ್ಥ.

ಆಮೇಲೆ ಹಗ್ಗ ಎಳಿ. ಮೊದಲು ಮೆಲ್ಲಗೆ, ಸ್ಟಾರ್ಟರಿನ ಹಲ್ಲು ಕಚ್ಚುವ ತನಕ. ನಂತರ ಒಂದೇ ಉದ್ದ ಎಳೆತ. ನಾಲ್ಕೈದು ಸಲಕ್ಕೆ ಹಿಡಿಯದಿದ್ದರೆ ನಿಲ್ಲಿಸು. ಸಿಟ್ಟಿನಲ್ಲಿ ಎಳೆದಷ್ಟೂ ಸಿಲಿಂಡರಿನೊಳಗೆ ಎಣ್ಣೆ ತುಂಬುತ್ತದೆ, ತೋಳಿನ ಬಲ ಖಾಲಿಯಾಗುತ್ತದೆ, ಆ ಬಲ ಮುಂದೆ ಹುಟ್ಟು ಹಾಕಲು ಬೇಕು. ಹಗ್ಗ ಬಿಡು, ಪ್ಲಗ್ ಬಿಚ್ಚು. ಎರಡು ಸಿಲಿಂಡರಿದ್ದರೆ ಎರಡನ್ನೂ ಬಿಚ್ಚು.

ಪ್ಲಗ್ ಒಣಗಿದ್ದರೆ ಎಣ್ಣೆ ಒಳಗೆ ಬರುತ್ತಿಲ್ಲ. ಬಲ್ಬ್ ಗಟ್ಟಿ, ಪ್ಲಗ್ ಒಣ ಅಂದರೆ ಕಸ ಕಾರ್ಬುರೇಟರಿನ ಜೆಟ್‌ನಲ್ಲಿದೆ. ಪ್ಲಗ್ ಒದ್ದೆಯಾಗಿದ್ದರೆ ಎಣ್ಣೆ ಬರುತ್ತಿದೆ, ಕಿಡಿ ಇಲ್ಲ, ಅಥವಾ ಎಣ್ಣೆ ಜಾಸ್ತಿಯಾಗಿದೆ. ಚೋಕ್ ಒಳಗೆ ತಳ್ಳಿ, ಪ್ಲಗ್ ಹೊರಗೇ ಇಟ್ಟು, ಕೆಲವು ಸಲ ಹಗ್ಗ ಎಳೆದರೆ ತುಂಬಿದ್ದು ಹೊರಗೆ ಚಿಮ್ಮುತ್ತದೆ. ಆ ಹೊತ್ತಿಗೆ ಪ್ಲಗ್ಗಿನ ವಯರನ್ನು ಎಂಜಿನ್ ಮೈಗೆ ತಾಗಿಸಿ ಇಡು, ಬೀಡಿ ಹಚ್ಚಿದವನು ಯಾರಾದರೂ ಇದ್ದರೆ ಬೈದು ಆರಿಸಲು ಹೇಳು. ಕಿಡಿ ನೋಡುವ ಕೆಲಸ ಇದೆಲ್ಲ ಒರೆಸಿ ಒಣಗಿಸಿದ ಮೇಲೆ: ಪ್ಲಗ್ಗನ್ನು ವಯರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ ಮೈಗೆ ತಾಗುವ ಹಾಗೆ, ತೂತಿನಿಂದ ದೂರ ಹಿಡಿ. ನೀಲಿ ಕಿಡಿ ಚಟ್ ಅಂತ ಹಾರಿದರೆ ಸರಿ. ಹಾರದಿದ್ದರೆ ಕ್ಯಾಪಿನೊಳಗಿನ ಉಪ್ಪುನೀರು ಒರೆಸಿ, ಹೊಸ ಪ್ಲಗ್ ಹಾಕಿ ನೋಡು. ಅದಕ್ಕೂ ಕಿಡಿ ಬರದಿದ್ದರೆ ಆ ರಿಪೇರಿ ಕಡಲಲ್ಲಿ ಆಗುವಂಥದ್ದಲ್ಲ, ಹುಟ್ಟು ತೆಗೆ.

ನಮ್ಮ ಎಂಜಿನ್ನಿನ ದೊಡ್ಡ ತಾಪತ್ರಯ ಮಾತ್ರ ಸೀಮೆಎಣ್ಣೆಯದ್ದು. ಅದನ್ನು ನಾನು ಬೈಯುವುದಿಲ್ಲ. ಸಬ್ಸಿಡಿ ಸೀಮೆಎಣ್ಣೆ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ದೋಣಿ ಎಂದೋ ಮೇಲೇರಿರುತ್ತಿದ್ದವು. ಆದರೆ ತಣ್ಣಗಿರುವ ಎಂಜಿನ್ನಿನಲ್ಲಿ ಸೀಮೆಎಣ್ಣೆ ಪೆಟ್ರೋಲಿನ ಹಾಗೆ ಆವಿಯಾಗುವುದಿಲ್ಲ. ಅದಕ್ಕೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಕಾಕ್ ಸೀಮೆಎಣ್ಣೆಗೆ ತಿರುಗಿಸುವುದು. ಇದು ಎಲ್ಲರಿಗೂ ಗೊತ್ತು. ನಿಲ್ಲಿಸುವಾಗಿನದ್ದನ್ನು ಎಲ್ಲರೂ ಮರೆಯುತ್ತಾರೆ. ವಾಪಸು ಬರುವಾಗ ದಡ ಇನ್ನೂ ದೂರ ಇರುವಾಗಲೇ ಕಾಕ್ ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು, ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಸೀಮೆಎಣ್ಣೆ ಉರಿದು ಮುಗಿಯಬೇಕು. ಎರಡು ಗುಟುಕು ಪೆಟ್ರೋಲ್ ಉಳಿಸಲು ಹೋಗಿ ಸೀಮೆಎಣ್ಣೆಯಲ್ಲೇ ನಿಲ್ಲಿಸಿದವನ ಎಂಜಿನ್ ಮಾರನೇ ಬೆಳಿಗ್ಗೆ ಹಿಡಿಯುವುದಿಲ್ಲ. ಅವನು ಹಗ್ಗ ಎಳೆಯುತ್ತಾ ಎಂಜಿನ್ನಿಗೆ ಬೈಯುತ್ತಾನೆ. ಹಾಗೆ ಆಗಿದ್ದರೆ ಬಟ್ಟಲಿನ ಅಡಿಯ ಸ್ಕ್ರೂ ಬಿಚ್ಚಿ ಒಳಗಿನದ್ದನ್ನು ಡಬ್ಬಕ್ಕೆ ಇಳಿಸು, ಪೆಟ್ರೋಲ್ ಬಿಟ್ಟು ಬಲ್ಬ್ ಹಿಸುಕು, ಪ್ಲಗ್ ಒರೆಸಿ ಹಾಕು.

ಇಳಿಸಿದ ಎಣ್ಣೆಯನ್ನು ಪಾರದರ್ಶಕ ಬಾಟಲಿಗೆ ಹಾಕಿ ಒಂದು ಕ್ಷಣ ನಿಲ್ಲಿಸಿ ನೋಡು. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಕ್ಯಾನಿನ ತಳದಲ್ಲಿ ನೀರು ಇದ್ದೇ ಇರುತ್ತದೆ ಅಂತ ಇಟ್ಟುಕೋ. ಟ್ಯಾಂಕಿಗೆ ಬಗ್ಗಿಸುವಾಗ ತಳದ ಗುಟುಕನ್ನು ಕ್ಯಾನಿನಲ್ಲೇ ಬಿಡು. ಸೀಮೆಎಣ್ಣೆಯ ಮಸಿ ಪ್ಲಗ್ಗಿಗೆ ಹಿಡಿಯುವುದೂ ಬೇಗ, ಹಾಗಾಗಿ ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್, ಒಣ ಬಟ್ಟೆ ಇವಿಷ್ಟು ಪ್ಲಾಸ್ಟಿಕ್ ಡಬ್ಬದೊಳಗೆ ಸದಾ ಇರಲಿ. ಜೊತೆಗೆ ಗಂಟು ಹಾಕಿದ ಒಂದು ಗಿಡ್ಡ ಹಗ್ಗ. ಸ್ಟಾರ್ಟರ್ ಹಗ್ಗ ತುಂಡಾದರೆ ಮೇಲಿನ ಮುಚ್ಚಳ ತೆಗೆದು, ಫ್ಲೈವೀಲಿನ ಕಚ್ಚಿಗೆ ಗಂಟು ಸಿಕ್ಕಿಸಿ, ಸುತ್ತಿ ಎಳೆಯಬಹುದು. ಹಾಗೆ ಮಾಡುವಾಗ ಗೇರ್ ತಡೆ ಕೆಲಸ ಮಾಡುವುದಿಲ್ಲ. ನ್ಯೂಟ್ರಲ್ ನೀನೇ ನೋಡಿಕೋ, ಲುಂಗಿಯ ತುದಿ ಚಕ್ರದ ಹತ್ತಿರ ಬಿಡಬೇಡ.

ಸ್ಟಾರ್ಟ್ ಆದ ಮೇಲೆ ಹಿಂದಿನ ತೂತಿನಿಂದ ನೀರು ಚಿಮ್ಮುತ್ತಿದೆಯಾ ನೋಡು. ಅಳಿವೆಯ ಮರಳು ಕಟ್ಟಿದ್ದರೆ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ.

ದೋಣಿ ಮಗುಚಿ ಎಂಜಿನ್ನೇ ಮುಳುಗಿದರೆ, ಓಡುತ್ತಿರುವಾಗಲೇ ಮುಳುಗಿದ್ದರಂತೂ, ಬಲವಂತದಿಂದ ತಿರುಗಿಸಬೇಡ. ಮೇಲೆತ್ತಿ ಸಿಹಿನೀರಿನಲ್ಲಿ ತೊಳೆ, ಪ್ಲಗ್ ತೆಗೆದು ನೀರು ಇಳಿಸು, ಅವತ್ತೇ ಮೆಕ್ಯಾನಿಕ್ ಕೈಗೆ ಕೊಡು. ಮೆಕ್ಯಾನಿಕ್ ಸಿಗದಿದ್ದರೆ ಬಿಸಿಲಿಗೆ ಒಣಗಿಸಬೇಡ, ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡು. ಕೇಳಿದರೆ ಹುಚ್ಚು ಅನಿಸುತ್ತದೆ. ಆದರೆ ಉಪ್ಪುನೀರು ಕುಡಿದ ಕಬ್ಬಿಣ ಗಾಳಿಗೆ ಬಿಟ್ಟರೆ ತುಕ್ಕು ಹಿಡಿಯುವಷ್ಟು ಬೇಗ ನೀರಿನೊಳಗೆ ಹಿಡಿಯುವುದಿಲ್ಲ.

ಎಲ್ಲ ಮಾಡಿಯೂ ಆಗಲಿಲ್ಲ ಅಂದರೆ ಕತ್ತಲಾಗುವ ತನಕ ಕಾಯಬೇಡ. ಕೋಸ್ಟ್ ಗಾರ್ಡ್ ನಂಬರ್ 1554, ಎಲ್ಲರ ಮೊಬೈಲಿನಲ್ಲೂ ಇರಲಿ. ನಮ್ಮವರದೇ ದೋಣಿ ಸಿಕ್ಕಿದರೆ ಹಗ್ಗವನ್ನು ಮೂತಿಗೆ ಕಟ್ಟು, ಪಕ್ಕಕ್ಕಲ್ಲ. ಎಂಜಿನ್ ಮೇಲಕ್ಕೆ ಓರೆ ಮಾಡು, ಜನರನ್ನು ಹಿಂದಕ್ಕೆ ಕೂರಿಸು, ಎಳೆಯುವ ಹಗ್ಗ ಉದ್ದ ಬಿಡು. ದಡಕ್ಕೆ ಬಂದ ಮೇಲೆ ಎಳೆದು ತಂದವನಿಗೆ ಅವತ್ತಿನ ಪೆಟ್ರೋಲ್, ಸೀಮೆಎಣ್ಣೆ ತುಂಬಿಸಿಕೊಡು. ಬೇಡ ಮಾರಾಯ ಅನ್ನುತ್ತಾನೆ, ಬಿಡಬೇಡ, ಕ್ಯಾನ್ ಅವನ ದೋಣಿಯಲ್ಲೇ ಇಟ್ಟು ಬಾ.