ಹೃದಯ ಚಿಕಿತ್ಸೆಯ ನಂತರದ ನಡಿಗೆ: ಸ್ಮಾರ್ಟ್‌ವಾಚ್ ಎಷ್ಟು ನೆರವಾಗುತ್ತದೆ?

ಆರೋಗ್ಯವಂತರ ಹೃದಯ ನಿಮಿಷಕ್ಕೆ ಸರಾಸರಿ 72 ಬಾರಿ ಬಡಿಯುತ್ತದೆ, ಪ್ರತಿ ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ಹೊರದೂಡುತ್ತದೆ ಎಂದು ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಓದಿದ್ದೇವೆ. ಗುಣಿಸಿದರೆ ನಿಮಿಷಕ್ಕೆ ಸುಮಾರು 5 ಲೀಟರ್. ಹೃದಯಾಘಾತವಾದಾಗ ಹೃದಯ ಸ್ನಾಯುವಿನ ಒಂದು ಭಾಗಕ್ಕೆ ರಕ್ತ ಸಿಗದೆ ಹಾನಿಯಾಗುತ್ತದೆ. ಸ್ಟೆಂಟ್ ಅಥವಾ ಬೈಪಾಸ್ ಆದ ಮೇಲೆ ಔಷಧ, ಪಥ್ಯ, ವ್ಯಾಯಾಮಗಳಿಂದ ರೋಗಿಯನ್ನು ಮತ್ತೆ ಸಾಮಾನ್ಯ ಬದುಕಿಗೆ ತರುವ ಕ್ರಮವೇ ಹೃದಯ ಪುನಶ್ಚೇತನ.

ವ್ಯಾಯಾಮಕ್ಕಾಗಿ ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ವಾರಕ್ಕೆ ಮೂರು ಸಲ ರಾಯಚೂರಿಗೋ ಕಲಬುರಗಿಯ ಜಯದೇವ ಆಸ್ಪತ್ರೆಗೋ ಹೋಗಿಬರುವುದು ಎಲ್ಲರಿಗೂ ಆಗದ ಮಾತು. ಬಹಳ ಮಂದಿ ಮನೆಯ ಹತ್ತಿರವೇ ನಡೆಯುತ್ತಾರೆ. ಅವರ ಕೈಯ ವಾಚನ್ನು ಓದಿ ಹೇಳುವವರು ಮನೆಯ ವಿದ್ಯಾರ್ಥಿಗಳಾದ ನಾವೇ.

ವಾಚ್ ಹೇಗೆ ಎಣಿಸುತ್ತದೆ?
ವಾಚಿನ ಹಿಂಬದಿಯ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ಚರ್ಮದ ಕೆಳಗಿನ ರಕ್ತ ಹೆಚ್ಚು ಕಡಿಮೆಯಾದಂತೆ ಮರಳಿ ಬರುವ ಬೆಳಕೂ ಬದಲಾಗುತ್ತದೆ. ಆ ಏರಿಳಿತವನ್ನು ಸೆನ್ಸಾರ್ ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಜೋರಾಗಿ ಅಲುಗಾಡಿದರೆ ಅಥವಾ ಬಡಿತದ ಲಯವೇ ತಪ್ಪಿದ್ದರೆ ಲೆಕ್ಕ ತಪ್ಪಬಹುದು.

ಗುರಿ ಎಷ್ಟಿರಬೇಕು?
ಹಲವು ವಾಚ್‌ಗಳು 220ರಲ್ಲಿ ವಯಸ್ಸನ್ನು ಕಳೆದು ಗರಿಷ್ಠ ಬಡಿತ ತೋರಿಸುತ್ತವೆ. 60 ವರ್ಷದವರಿಗೆ ಅದು 160; ಅದರ ಶೇ. 70 ಎಂದರೆ 112. ಆದರೆ ಹೃದಯ ರೋಗಿಗಳಲ್ಲಿ ಅನೇಕರು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ಬಡಿತವನ್ನು ತಗ್ಗಿಸುತ್ತದೆ.

ಒಂದು ಉದಾಹರಣೆ ನೋಡೋಣ. ಮಾತ್ರೆ ತೆಗೆದುಕೊಳ್ಳುವ ಒಬ್ಬರ ವಿಶ್ರಾಂತಿ ಬಡಿತ 60, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಬಂದ ಗರಿಷ್ಠ ಬಡಿತ 120 ಎಂದುಕೊಳ್ಳಿ.

ವ್ಯತ್ಯಾಸ: 120 – 60 = 60
ಶೇ. 40: 60 + 24 = 84
ಶೇ. 60: 60 + 36 = 96

ಇವರ ನಡಿಗೆಗೆ 84ರಿಂದ 96 ಸಾಕು. ವಾಚ್ ಹೇಳಿದ 112ರ ಬೆನ್ನು ಹತ್ತಿದರೆ ತಮ್ಮ ಮಿತಿಯ ಅಂಚಿಗೇ ಹೋಗುತ್ತಾರೆ. ಆದ್ದರಿಂದ ಗುರಿಯನ್ನು ವೈದ್ಯರಿಂದಲೇ ಬರೆಸಿಕೊಂಡು ವಾಚಿನಲ್ಲಿ ಹಾಕಿ.

ನೆನಪಿಡಿ
- ನಡೆಯುವಾಗ ಮಾತಾಡಲು ಆಗಬೇಕು. ಮಾತಿಗೆ ಉಸಿರು ಸಾಲದಿದ್ದರೆ ವೇಗ ತಗ್ಗಿಸಿ.
- ನಮ್ಮೂರ ಬಿಸಿಲಿಗೆ ಬಡಿತ ತಾನೇ ಏರುತ್ತದೆ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ನಡಿಗೆ ಮುಗಿಸಿ.
- ರೋಜಾ ಇರುವವರು ಮಾತ್ರೆ ಮತ್ತು ನಡಿಗೆಯ ಸಮಯವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು.
- ವಾಚ್ ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಎದೆನೋವು, ತಣ್ಣನೆಯ ಬೆವರು, ತಲೆಸುತ್ತು ಬಂದರೆ ಅಂಕಿ ಸರಿಯಿದ್ದರೂ ನಿಲ್ಲಿ, 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ತಜ್ಞರ ಸಲಹೆಯಂತೆ ತುರ್ತು ಚುಚ್ಚುಮದ್ದು ಕೊಡುವುದು ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯ ಉದ್ದೇಶ.

ಮಾಡಿ ನೋಡಿ
ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡು ನಾಡಿ ಎಣಿಸಿ, ಎರಡರಿಂದ ಗುಣಿಸಿ. ವಾಚಿನ ಅಂಕಿಯೊಂದಿಗೆ ಹೋಲಿಸಿ. ವಾಚ್ ಇಲ್ಲದ ಮನೆಯಲ್ಲಿ ಇದೊಂದೇ ಸಾಕು.