ಹಲಗೆಯ ಗೋಡೆಗೆ ಗಾರೆಯ ಹೊದಿಕೆ

ಮಲೆನಾಡಿನ ನಮ್ಮ ಮನೆಯ ಮಹಡಿಗೆ ಪಡುವಣ ಕಡೆ ಹಲಗೆಯ ಗೋಡೆಯಿದೆ. ಕಳೆದ ಮಳೆಗಾಲ ಮುಗಿದಾಗ ಅದರ ಕೆಳಗಿನ ಮೂರು ಹಲಗೆಗಳು ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿದ್ದುವು. ಮೇಸ್ತ್ರಿ ಬಂದು ನೋಡಿ, “ಹಲಗೆಯ ಮೇಲೇ ತಂತಿಬಲೆ ಹೊಡೆದು ಸಿಮೆಂಟು ಗಾರೆ ಬಳಿದುಬಿಡೋಣ ಅಯ್ಯಾ, ಆಮೇಲೆ ಈ ಗೋಡೆಯ ಚಿಂತೆಯೇ ಇಲ್ಲ” ಎಂದರು. ತಂದೆಯವರು ಅಡಿಕೆ ಮಾರಿದ ಹಣವನ್ನು ಅದಕ್ಕೆಂದೇ ಎತ್ತಿಟ್ಟರು. ಆ ಹಣ ಸಾರ್ಥಕವಾಗುವುದೋ ಇಲ್ಲವೋ ಎಂಬ ಅಂಜಿಕೆಯೇ ನನ್ನನ್ನು ಈ ಅಭ್ಯಾಸಕ್ಕೆ ಹಚ್ಚಿತು.

ಮರದ ಚೌಕಟ್ಟಿನ ಮನೆಗೆ ಗಾರೆ ಹೊದಿಸುವ ಕೆಲಸ ಅಮೆರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. 1915ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ನಡೆದ ವಸ್ತುಪ್ರದರ್ಶನದ ತರುವಾಯ ಕ್ಯಾಲಿಫೋರ್ನಿಯದಲ್ಲಿ ಸ್ಪೇನ್ ಮಾದರಿಯ ಗಾರೆ ಮನೆಗಳು ಜನಪ್ರಿಯವಾದುವು. ಅಲ್ಲಿನ ಕ್ರಮ ಹೀಗಿದೆ. ಮೊದಲು ಹಳೆಯ ಹಲಗೆಗಳನ್ನು ಕಳಚಿ, ಕೊಳೆತ ಮರವನ್ನು ಬದಲಾಯಿಸುತ್ತಾರೆ. ಅದರ ಮೇಲೆ ನೀರು ತಡೆಯುವ ಕಾಗದವನ್ನು ಎರಡು ಪದರವಾಗಿ, ಮೇಲಿನ ಹಾಳೆ ಕೆಳಗಿನದನ್ನು ಮುಚ್ಚುವಂತೆ ಹೊದಿಸುತ್ತಾರೆ. ಆಮೇಲೆ ಲೋಹದ ಜಾಲರಿ. ಅದರ ಮೇಲೆ ಮೂರು ಕೈ ಗಾರೆ. ಮೊದಲನೆಯ ಕೈಯನ್ನು ಗೀರಿ ಒರಟು ಮಾಡುವುದು, ಎರಡನೆಯದನ್ನು ಮಟ್ಟಮಾಡುವುದು, ಮೂರನೆಯದು ತೆಳುವಾದ ಒಪ್ಪ. ಒಟ್ಟು ದಪ್ಪ ಸುಮಾರು 22 ಮಿಲಿಮೀಟರು. ಗೋಡೆಯ ಬುಡದಲ್ಲಿ, ನೆಲದಿಂದ ಕನಿಷ್ಠ 4 ಅಂಗುಲ ಮೇಲೆ, ಒಳಸೇರಿದ ನೀರು ಹೊರಬೀಳಲು ತೂತುಗಳುಳ್ಳ ಲೋಹದ ಪಟ್ಟಿಯನ್ನು ಕೂರಿಸುತ್ತಾರೆ.

ಇಷ್ಟೆಲ್ಲ ಏತಕ್ಕೆ? ಮರವು ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಗಾರೆಗೆ ಆ ಗುಣವಿಲ್ಲ. ಆದುದರಿಂದ ಗಾರೆಯನ್ನು ಹಲಗೆಗೇ ಅಂಟಿಸಿದರೆ ಬಿರುಕು ತಪ್ಪದು. ಬಿರುಕಿನಲ್ಲಿ ಇಳಿದ ನೀರು ಮರದ ಬಳಿ ನಿಂತು ಕೊಳೆ ಹತ್ತಿಸುತ್ತದೆ. ಹೊರಗಿನಿಂದ ಮಾತ್ರ ಗೋಡೆ ಸೊಗಸಾಗಿಯೇ ಕಾಣುತ್ತಿರುತ್ತದೆ! ಭಾರವೂ ಕಡಮೆಯಲ್ಲ. ಚದರಡಿಗೆ ಸುಮಾರು 10 ಪೌಂಡಿನಂತೆ, 20 ಅಡಿ ಉದ್ದ 10 ಅಡಿ ಎತ್ತರದ ಗೋಡೆಯ ಮೇಲೆ ಸುಮಾರು 9 ಕ್ವಿಂಟಲ್ ಹೊರೆ ಬೀಳುತ್ತದೆ.

ಈ ಮಾತಿಗೆ ಕೆನಡದ ಮಳೆನಾಡಾದ ವ್ಯಾಂಕೂವರ್ ಸೀಮೆಯೇ ಸಾಕ್ಷಿ. ಅಲ್ಲಿ 1980 ಮತ್ತು 1990ರ ದಶಕಗಳಲ್ಲಿ ಮರದ ಚೌಕಟ್ಟಿನ ಮೇಲೆ ಗಾರೆ ಹೊದಿಸಿ ಸಾವಿರಾರು ವಸತಿಗಳನ್ನು ಕಟ್ಟಿದರು. ಅನೇಕ ಕಟ್ಟಡಗಳಿಗೆ ಚಾಚಿದ ಸೂರು ಇರಲಿಲ್ಲ. ಕಿಟಕಿಯ ಅಂಚುಗಳಲ್ಲಿ ಒಳನುಗ್ಗಿದ ಮಳೆನೀರಿಗೆ ಹೊರಹೋಗುವ ದಾರಿಯಿಲ್ಲದೆ ಒಳಗಿನ ಮರ ಕೊಳೆಯಿತು. ದುರಸ್ತಿಯ ಖರ್ಚಿನಿಂದ ಎಷ್ಟೋ ಸಂಸಾರಗಳು ಸಾಲಕ್ಕೆ ಬಿದ್ದುವು. 1998ರಲ್ಲಿ ಆ ಪ್ರಾಂತದ ಮಾಜಿ ಪ್ರಧಾನಿ ಡೇವ್ ಬ್ಯಾರೆಟ್ಟರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವೇ ಕುಳಿತಿತು. ಗಾರೆಗೂ ಗೋಡೆಗೂ ನಡುವೆ ರೀಪು ಹೊಡೆದು, ನೀರು ಇಳಿಯಲು, ಗಾಳಿಯಾಡಲು ತೆರಪು ಬಿಡುವ ಪದ್ಧತಿ ಆ ಬಳಿಕ ಅಲ್ಲಿ ನೆಲೆಗೊಂಡಿತು.

ಇದನ್ನು ಓದಿದ ಮೇಲೆ ನಮ್ಮ ಗೋಡೆಯನ್ನು ಮತ್ತೊಮ್ಮೆ ನೋಡಿದೆನು. ಸೂರಿನ ಮರೆಯಲ್ಲಿದ್ದ ಮೇಲಿನ ಹಲಗೆಗಳು ಗಟ್ಟಿಯಾಗಿದ್ದುವು. ಎರಚಲು ಬಡಿಯುತ್ತಿದ್ದ ಕೆಳಗಿನವು ಮಾತ್ರ ಕೆಟ್ಟಿದ್ದುವು. ಹಿಂದೆ ಅಜ್ಜ ಪ್ರತಿ ಮಳೆಗಾಲಕ್ಕೂ ಆ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾವು ಅದನ್ನು ಕೈಬಿಟ್ಟಿದ್ದೆವು. ರೋಗದ ಮೂಲ ಹಲಗೆಯಲ್ಲಿರಲಿಲ್ಲ, ನಮ್ಮ ಉದಾಸೀನದಲ್ಲಿತ್ತು.

ತಂದೆಯವರಿಗೆ ಇದನ್ನೆಲ್ಲ ವಿವರಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಮೇಸ್ತ್ರಿಯನ್ನೇ ಕರೆಸಿದರು. ಮೂರು ಹಲಗೆಗಳನ್ನು ಬದಲಾಯಿಸಿ, ಸೂರನ್ನು 2 ಅಡಿ ಮುಂದಕ್ಕೆ ಚಾಚಿಸಿದ್ದಾಯಿತು. ಎತ್ತಿಟ್ಟ ಹಣದಲ್ಲಿ ಅರ್ಧ ಉಳಿಯಿತು.

ಗಾರೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕ್ರಮವರಿತು ಹೊದಿಸಿದ ಗಾರೆ ಬಹುಕಾಲ ಬಾಳುತ್ತದೆ. ಆದರೆ ನೀರು ಒಳಗೆ ಬಾರದಂತೆ ತಡೆಯುವುದರ ಜೊತೆಗೆ, ಬಂದ ನೀರು ಹೊರಹೋಗಲು ದಾರಿ ಬಿಡುವುದೂ ಅಷ್ಟೇ ಅಗತ್ಯ. ಗೋಡೆಯ ರೂಪ ಬದಲಿಸಬೇಕೆಂದಿರುವವರು, ಮೊದಲು ಒಂದು ಮಳೆಗಾಲ ಅದರೆದುರು ನಿಂತು ನೀರು ಎಲ್ಲಿಂದ ಬರುತ್ತದೆಂದು ನೋಡುವುದು ಒಳ್ಳೆಯದು.